ಎಕ್ಸ್‌ರೇ ಬೇಡವೆಂದು ದಾವಣಗೆರೆಗೆ

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯಬೇಕಾಗಿಲ್ಲ. ಒಂದು ಹೋಗುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಹದಿನಾಲ್ಕು ಕಿಲೋಮೀಟರ್ ದಾರಿ. ಇಷ್ಟಕ್ಕೆಲ್ಲ ಪ್ರವಾಸ ಕಥನ ಬರೆಯಲು ಕೂತವನನ್ನು ನೋಡಿ ನೀವು ನಗಬಹುದು. ನಗಿ. ಆದರೆ ಮೋಟಾರ್ ವೈಂಡಿಂಗ್ ಅಂಗಡಿ ಬಿಟ್ಟು ಅಲ್ಲಾಡದ ನಾನು ಮಗಳನ್ನು ಕರೆದುಕೊಂಡು ಆಸ್ಪತ್ರೆಗೆಂದು ಹೊರಟದ್ದು ಅದೇ ಮೊದಲು.

ಚೈತ್ರಾಳಿಗೆ ಹದಿನಾಲ್ಕು ವರ್ಷ. ಅವಳ ಬೆನ್ನುಮೂಳೆ ನೆಟ್ಟಗೆ ಬೆಳೆಯದೆ ಒಂದು ಪಕ್ಕಕ್ಕೆ ಬಾಗುತ್ತಿದೆ, ಸ್ಕೋಲಿಯೋಸಿಸ್ ಎನ್ನುತ್ತಾರೆ. ಅದಕ್ಕೆ ಬೆಲ್ಟ್ ಕೊಟ್ಟಿದ್ದಾರೆ. ಬೆಲ್ಟ್ ಎಂದರೆ ಪ್ಯಾಂಟಿಗೆ ಹಾಕುವಂಥದ್ದಲ್ಲ, ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಕವಚ. ಬಾಗು ಹೆಚ್ಚಿದೆಯೇ ಎಂದು ನೋಡಲು ಆರಾರು ತಿಂಗಳಿಗೊಮ್ಮೆ ಎಕ್ಸ್‌ರೇ. ಪ್ರತಿ ಸಲ ಕರೆದೊಯ್ಯುತ್ತಿದ್ದವಳು ನನ್ನ ಅಕ್ಕ. ಈಗ ಅವಳು ತನ್ನ ಮಗಳ ಬಾಣಂತನಕ್ಕೆ ಹೋಗಿದ್ದಳು.

ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಸ್ತನದ ಕ್ಯಾನ್ಸರ್. ಅಂದಿನಿಂದ ನನಗೆ ಎಕ್ಸ್‌ರೇ ಎಂಬ ಮಾತೇ ಆಗಿಬರುವುದಿಲ್ಲ. ಬೆಳೆಯುವ ಹುಡುಗಿಯ ಎದೆಗೆ ವರ್ಷವರ್ಷವೂ ಆ ಕಿರಣ ತಾಗಿದರೆ ಅದರಿಂದಲೂ ಕ್ಯಾನ್ಸರ್ ಬಂದೀತೆಂಬ ಹೆದರಿಕೆ. ಹೋದ ಸಲದ ಎಕ್ಸ್‌ರೇಯನ್ನು ಅಕ್ಕನ ಜತೆ ಜಗಳವಾಡಿ ತಪ್ಪಿಸಿದ್ದೆ. ಕಾರಣವನ್ನು ಮಗಳಿಗೆ ಹೇಳಿರಲಿಲ್ಲ. ವಿದ್ಯಾನಗರದ ಒಂದು ಕ್ಲಿನಿಕ್ಕಿಗೆ ಬರೀ ಬೆಳಕಿನಿಂದ ಬೆನ್ನು ಅಳೆಯುವ ಕ್ಯಾಮೆರಾ ಬಂದಿದೆ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದ್ದೇ ತಡ, ಹೊರಟುಬಿಟ್ಟೆ.

ಬಸ್ಸಿನಲ್ಲಿ ಚೈತ್ರಾ ಮುಂದೆ ಹೆಂಗಸರ ನಡುವೆ ಕೂತಳು, ನಾನು ಹಿಂದೆ. ಅವಳಿಗೆ ಶೂನ್ಯ ಟಿಕೆಟ್, ನನಗೆ ದುಡ್ಡಿನದು. “ಗಂಡಸಾಗಿ ಹುಟ್ಟಿದ್ದಕ್ಕ ದಂಡ ಕಟ್ರಿ ಯಜಮಾನ್ರೇ” ಎಂದು ಕಂಡಕ್ಟರ್ ನಕ್ಕ. ನಾನೂ ನಕ್ಕೆ. ದೊಡ್ಡಬಾತಿ ದಾಟುವವರೆಗೂ ನನಗೆ ಕಾಣುತ್ತಿದ್ದದ್ದು ಅವಳ ಭುಜಗಳಷ್ಟೇ, ಬಲದ್ದು ಎಡಕ್ಕಿಂತ ತುಸು ಮೇಲೆ.

ದಾವಣಗೆರೆಯಲ್ಲಿ ಇಳಿದು ಹೋಟೆಲಿಗೆ ಹೋದೆವು. ಇಬ್ಬರಿಗೂ ಬೆಣ್ಣೆ ದೋಸೆ. ಅವಳು ಅರ್ಧ ತಿಂದು ತಟ್ಟೆ ಸರಿಸಿದಳು.

“ಯಾಕ, ಚೆನ್ನಾಗಿಲ್ಲೇನು?”

“ಬೆಲ್ಟ್ ಹೊಟ್ಟೆ ಒತ್ತತೈತಪ್ಪ. ಯಾವಾಗ್ಲೂ ಹಿಂಗೇ.”

ಯಾವಾಗಲೂ ಎಂದಳು. ನಾನು ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಅವಳದು ಊಟ ಮುಗಿದಿರುತ್ತದೆ. ಒಂದೇ ಮನೆಯಲ್ಲಿದ್ದೂ ಅವಳು ಎಷ್ಟು ಉಣ್ಣುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಉಳಿದ ದೋಸೆಯನ್ನು ನಾನೇ ತಿಂದೆ, ರುಚಿ ತಿಳಿಯಲಿಲ್ಲ.

ಅಲ್ಲಿಂದ ವಿದ್ಯಾನಗರಕ್ಕೆ ಆಟೋ. ಕ್ಲಿನಿಕ್ಕಿನಲ್ಲಿ ನರ್ಸ್ ನನ್ನ ಹಿಂದೆ ಇಣುಕಿ ನೋಡಿ, “ಹೆಣ್ಮಕ್ಳು ಯಾರೂ ಬಂದಿಲ್ಲೇನ್ರಿ?” ಎಂದು ಕೇಳಿದಳು.

“ಇಲ್ರೀ, ನಾನೇ ಬಂದೀನಿ.”

“ಹಂಗಾದ್ರ ಹೊರಗ ಕೂಡ್ರಿ. ಬೆನ್ನು ಬರಿದಾಗಿರಬೇಕು.”

ಸ್ವಲ್ಪ ಹೊತ್ತಿಗೆ ಅವಳೇ ಬಂದು ಮಗಳ ಬೆಲ್ಟನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ಒಳಮೈ ಬೆವರಿನಿಂದ ಒದ್ದೆಯಾಗಿ ಇನ್ನೂ ಬೆಚ್ಚಗಿತ್ತು. ಸುತ್ತ ಕೂತವರೆಲ್ಲ ಗಂಡಹೆಂಡತಿ, ತಾಯಿಮಗಳು, ಏನೇನೋ ಮಾತಾಡಿಕೊಳ್ಳುತ್ತಿದ್ದರು. ನನಗೆ ಆಗ ಚೈತ್ರಾಳ ಅವ್ವನ ಮೇಲೆ ಸಿಟ್ಟು ಬಂತು, ನಮ್ಮನ್ನು ಬಿಟ್ಟು ಹೋದದ್ದಕ್ಕೆ.

ಡಾಕ್ಟರ್ ಹೆಂಗಸು. ನನ್ನನ್ನು ತಮ್ಮ ಕೋಣೆಗೆ ಕರೆದು ಕಂಪ್ಯೂಟರಿನಲ್ಲಿ ಬೆನ್ನಿನ ಚಿತ್ರ ತೋರಿಸಿದರು. ಭೂಪಟದ ಹಾಗೆ ಬಣ್ಣ ಬಣ್ಣವಾಗಿತ್ತು.

“ಬೆನ್ನಿನ ಮೇಲೆ ಬೆಳಕಿನ ಪಟ್ಟೆ ಬಿಟ್ಟು ಫೋಟೋ ತೆಗೀತೀವಿ. ಕಿರಣದ ಭಯ ಇಲ್ಲ. ಆದರೆ ಇದು ನೋಡೋದು ಬೆನ್ನಿನ ಮೇಲ್ಮೈನ, ಮೂಳೆನಲ್ಲ. ನಿಮ್ಮ ಹಳೇ ಎಕ್ಸ್‌ರೇಗೆ ವರ್ಷ ಆಯ್ತು. ಈಗ ಬಾಗು ಜಾಸ್ತಿ ಕಾಣ್ತಿದೆ. ನಿಜವಾಗ್ಲೂ ಅಷ್ಟು ಹೆಚ್ಚಿದ್ದರೆ ಆಪರೇಷನ್ ಮಾತಾಡಬೇಕಾಗುತ್ತೆ. ಒಂದು ಎಕ್ಸ್‌ರೇ ಬೇಕೇ ಬೇಕು.”

“ಬ್ಯಾಡ್ರಿ” ಎಂದೆ. ದನಿ ನನಗೇ ಜೋರೆನಿಸಿತು. “ಅದು ಬ್ಯಾಡ ಅಂತಾನೇ ಇಲ್ಲಿಗೆ ಬಂದಿದ್ದು.”

ಬಟ್ಟೆ ಹಾಕಿಕೊಂಡು ಬಂದ ಚೈತ್ರಾ ಬಾಗಿಲಲ್ಲಿ ನಿಂತಿದ್ದಳು. “ತೆಗೀಲಿ ಬಿಡಪ್ಪ.”

“ನಿನಗ ಗೊತ್ತಾಗಲ್ಲ, ಸುಮ್ನಿರು.”

“ಗೊತ್ತೈತೆ. ಅವ್ವಂಗೆ ಬಂದಿದ್ದು ನನಗೂ ಬರ್ತೈತೆ ಅಂತ ಹೆದರ್ತೀಯ. ನಾನೂ ಹೆದರ್ತೀನಿ. ಒಳಗ ಮೇಡಂನ ಕೇಳ್ದೆ. ಎದೆ ಪ್ಲೇಟಿಗೆ ಹಚ್ಚಿ, ಮಿಷಿನ್‌ಗೆ ಬೆನ್ನು ಕೊಟ್ಟು ನಿಂತ್ರೆ ಎದೆಗೆ ತಾಗೋದು ಭಾಳ ಕಮ್ಮಿಯಂತೆ.”

ಡಾಕ್ಟರ್ ತಲೆಯಾಡಿಸಿದರು. “ಕಿರಣಾನೂ ಎಷ್ಟು ಬೇಕೋ ಅಷ್ಟೇ ಬಿಡ್ತೀವಿ. ಆದರೆ ಒಂಚೂರೂ ಅಲ್ಲಾಡಬಾರದು. ಅಲ್ಲಾಡಿದ್ರೆ ಇನ್ನೊಂದ್ಸಲ ತೆಗೀಬೇಕಾಗುತ್ತೆ.”

ಅವ್ವನಿಗೆ ಬಂದದ್ದು ಮಗಳಿಗೂ ಬಂದೀತೆಂಬ ಮಾತು ಬಾಯಿಗೆ ಬಂದರೆ ಅವಳ ಮನಸ್ಸಿಗೂ ಹೊಕ್ಕೀತೆಂದು ಮೂರು ವರ್ಷ ನುಂಗಿಕೊಂಡಿದ್ದೆ. ಅವಳೂ ನನ್ನ ಸಲುವಾಗಿ ಅದನ್ನೇ ನುಂಗಿಕೊಂಡಿದ್ದಳು. “ಆಗ್ಲಿ” ಎಂದೆ.

ಎಕ್ಸ್‌ರೇ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು, ಆರಿತು. ಮತ್ತೆ ಹತ್ತಲಿಲ್ಲ. ಅಷ್ಟು ಹೊತ್ತೂ ನಾನೂ ಅಲ್ಲಾಡದೆ ಕೂತಿದ್ದುದು ನನಗೆ ತಿಳಿದದ್ದು, ಪಕ್ಕದಲ್ಲಿದ್ದ ಅಜ್ಜಿ “ನೀರು ಕುಡೀರಿ” ಎಂದಾಗ.

ಬಾಗು ಹೆಚ್ಚಿತ್ತು, ಆದರೆ ಆಪರೇಷನ್ ಹಂತಕ್ಕೆ ಹೋಗಿರಲಿಲ್ಲ. ಹುಡುಗಿ ಬೆಳೆದಿದ್ದಾಳೆ, ಬೆಲ್ಟ್ ಹೊಸದು ಬೇಕು ಎಂದರು ಡಾಕ್ಟರ್. ಮುಂದಿನ ಸಲ ಮೊದಲು ಬೆಳಕಿನ ಫೋಟೋ ತೆಗೆದು ಇವತ್ತಿನದಕ್ಕೆ ಹೋಲಿಸುವುದು, ಅನುಮಾನ ಬಂದರೆ ಮಾತ್ರ ಎಕ್ಸ್‌ರೇ. “ಯಾವುದನ್ನೂ ತಪ್ಪಿಸಬೇಡಿ” ಎಂದು ನನ್ನತ್ತ ನೋಡಿ ಹೇಳಿದರು.

ಮಧ್ಯಾಹ್ನದ ಬಸ್ಸು ಕಾದ ಹಂಚಿನಂತಿತ್ತು. ಈ ಸಲ ಚೈತ್ರಾ ಹಿಂದಕ್ಕೆ ಬಂದು ನನ್ನ ಪಕ್ಕವೇ ಕೂತಳು, ಮತ್ತೆ ಹಳೆಯ ಬೆಲ್ಟನ್ನೇ ಬಿಗಿದುಕೊಂಡು. ಹರಿಹರ ಹತ್ತಿರವಾದಾಗ ಮಾತಾಡಿದಳು.

“ಮುಂದಿನ ಸಲ ನಾನೊಬ್ಳೇ ಹೋಗ್ತೀನಪ್ಪ.”

“ಯಾಕ?”

“ನೀ ಹೊರಗ ಕೂತ್ರೆ ನನಗ ಒಳಗ ನಿಂದೇ ಚಿಂತೆ. ಆ ಚಿಂತೇಲಿ ಎಲ್ಲಿ ಅಲ್ಲಾಡಿಬಿಡ್ತೀನೋ ಅಂತ ಹೆದ್ರಿಕೆ ಆಗ್ತೈತೆ.”

ಹದಿನಾಲ್ಕರ ಹುಡುಗಿಯನ್ನು ಒಬ್ಬಳೇ ಕಳಿಸುವವರಾರು ಎಂದು ಗದರಬಹುದಿತ್ತು. ಅವಳ ಅವ್ವ ಹೋದ ದಿನ ಬಿಟ್ಟರೆ ನನಗೆ ಅಷ್ಟು ಒಂಟಿ ಅನ್ನಿಸಿದ್ದು ಆಗಲೇ.

ಹರಿಹರದಲ್ಲಿ ಅವಳು ಮೊದಲು ಇಳಿದು ಜನರ ನಡುವೆ ಹೆಜ್ಜೆ ಹಾಕಿದಳು. ನಾನು ಬಸ್ಸಿನ ಪಕ್ಕದಲ್ಲೇ ನಿಂತುಬಿಟ್ಟಿದ್ದೆ. ಬೆಲ್ಟ್ ಹಾಕಿದವರಿಗೆ ನಮ್ಮ ಹಾಗೆ ನಡು ತಿರುಚಿ ಹಿಂದೆ ನೋಡಲಾಗುವುದಿಲ್ಲ. ಅವಳು ನಿಂತಳು, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದಳು, ನಾನು ಹತ್ತಿರ ಬರುವವರೆಗೂ ಹಾಗೇ ಅಲ್ಲಾಡದೆ ನಿಂತಿದ್ದಳು.