ಹೊಸ್ತಿಲಾಚೆಯ ಚಾವಣಿ

ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ನಮ್ಮ ಕಡೆ ಸಾವಾದ ಮನೆಯವರು ವರ್ಷ ತುಂಬುವ ತನಕ ದೇವಸ್ಥಾನದ ಹೊಸ್ತಿಲು ದಾಟುವಂತಿಲ್ಲ, ಬೆಟ್ಟ ಹತ್ತುವಂತಿಲ್ಲ. ಯಳಂದೂರಿನ ನಮ್ಮ ಮಹಡಿಯಿಂದಲೇ ಕಾಣುವ ಬಿಳಿಗಿರಿರಂಗನ ಬೆಟ್ಟಕ್ಕೆ ನಾನು ಹೋಗುವಂತಿರಲಿಲ್ಲ. ಇಟಲಿಗೆ ಹೋಗಬಹುದಿತ್ತು. ವಿಮಾನ ಬೆಟ್ಟಕ್ಕಿಂತ ಎಷ್ಟೋ ಎತ್ತರ ಹತ್ತುತ್ತದೆ ಎಂಬುದನ್ನು ಹಿರಿಯರು ಯಾರೂ ಗಮನಿಸಲಿಲ್ಲ. ನಾನೂ ನೆನಪಿಸಲಿಲ್ಲ.

ಪ್ರವಾಸಕ್ಕೆ ಹೆಸರು ಕೊಡಿಸಿದವಳು ಅವಳೇ. ಟೂರಿನವರ ಪುಸ್ತಿಕೆಯಲ್ಲಿ ಫ್ಲಾರೆನ್ಸಿನ ಒಂದು ಚರ್ಚಿನ ಒಳಗಿನ ಚಿತ್ರವಿತ್ತು. ಬಣ್ಣ ಬಳಿದ ಮರದ ಚಾವಣಿ, ತೆಂಗಿನ ಮರ ನಿಲ್ಲಿಸಿದರೂ ಮುಟ್ಟದಷ್ಟು ಮೇಲೆ. "ಅಲ್ಲಾ, ಅಷ್ಟೆತ್ರದಲ್ಲಿ ಕಟ್ಟೋ ಜೇಡ್ರ ಬಲೆ ಯಾರ್ ತೆಗ್ದಾರು?" ಎಂದಳು. ಹಬ್ಬ ಬಂದರೆ ಬಿದಿರುಗಳಕ್ಕೆ ಪೊರಕೆ ಕಟ್ಟಿಕೊಂಡು ಇಡೀ ಮನೆಯ ಬಲೆ ಹೊಡೆಯುತ್ತಿದ್ದವಳು. "ಓಗಿ ನೋಡ್ಕಂಡೇ ಬರಾನ ಬನ್ನಿ." ಪಾಸ್‌ಪೋರ್ಟ್ ಬಂದ ವಾರವೇ ಜ್ವರ ಬಂತು. ಆಸ್ಪತ್ರೆಯಿಂದ ಅವಳು ಮರಳಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ನೋಡಿಕೊಂಡು ಬರಬೇಕೆಂದೇ ನಾನು ಹೊರಟೆ. ಕುಂತೂರಿನಲ್ಲಿರುವ ನನ್ನ ಅಕ್ಕ ಒಂದು ಷರತ್ತು ಹಾಕಿದಳು: "ಅವ್ರ ದೇವ್ರಾದ್ರೂ ದೇವ್ರೇ ಕಣ್ಲಾ. ದೀಪ ಅಚ್ಚೋ ಜಾಗ್ದೊಳಕ್ಕೆ ಕಾಲಿಡ್ಬ್ಯಾಡ. ಅನುಮಾನ ಬಂದ್ರೆ ಫೋನ್ ಮಾಡು."

ರೋಮಿನಲ್ಲಿ ಕೊಲೋಸಿಯಂ ಎದುರು ನಿಂತು ಫೋನ್ ಮಾಡಿದೆ.

"ಪೂಜೆ ನಡೀತದಾ?"

"ಇಲ್ಲಕ್ಕ, ಪಾಳು ಬಿದ್ದದೆ. ಇಂದೆ ಜನಾನ ಸಿಂವದ ಬಾಯ್ಗೆ ಆಕ್ತಿದ್ರಂತೆ."

"ಅಂಗಾರೆ ತೊಂದ್ರೆ ಇಲ್ಲ, ಓಗು."

ಉಳಿದ ಕಡೆಯೆಲ್ಲ ಪೂಜೆ ನಡೆಯುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ತಂಡದವರ ಬ್ಯಾಗು ಕಾದೆ. ಮೂರನೆಯ ದಿನಕ್ಕೆ ಅವರು ಕೇಳುವುದನ್ನೂ ಬಿಟ್ಟು ನನ್ನ ಕಾಲಬುಡದಲ್ಲಿ ಇಟ್ಟು ಹೋಗತೊಡಗಿದರು. ಇಟಲಿಯ ಹೆಸರಾಂತ ಚರ್ಚುಗಳ ಬಾಗಿಲು, ಚಿಲಕ, ಪಾರಿವಾಳದ ಹಿಕ್ಕೆ ಇವುಗಳ ಬಗ್ಗೆ ಯಾರು ಕೇಳಿದರೂ ಹೇಳಬಲ್ಲೆ.

ಫ್ಲಾರೆನ್ಸಿನ ಆ ಚರ್ಚಿನ ಮುಂದೆ ಮಾತ್ರ ಕೂರಲಾಗಲಿಲ್ಲ. ಒಳಗೆ ನೆಲದ ತುಂಬ ಸಮಾಧಿಗಳಿವೆ ಎಂದು ಗೈಡ್ ಹೇಳಿದ. ಕೂಡಲೇ ಫೋನ್ ತೆಗೆದೆ.

"ಅಕ್ಕ, ದೀಪ ಅಚ್ಚೋ ಜಾಗಾನೇ. ಆದ್ರೆ ಒಳಗೆಲ್ಲ ಎಣ ಊತವ್ರೆ."

ಆ ಕಡೆ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋದ ಸದ್ದು ಕೇಳಿತು.

"ದೇವಸ್ಥಾನದೊಳ್ಗೇ ಊತವ್ರಾ?"

"ಊಂ. ಸಾಲಾಗಿ."

"ಅಯ್ ಶಿವ್ನೇ! ಅವ್ರಿಗೇ ಇಲ್ದ ಸೂತ್ಕ ನಿಂಗ್ಯಾಕ್ಲಾ? ಅದು ಸುಡುಗಾಡು, ಓಗು. ಬಂದ್ಮೇಲೆ ತಲೆಗೆ ನೀರಾಕ್ಕ."

ಹೊಸ್ತಿಲು ದಾಟಿದೆ. ಮೊದಲಿಗೆ ತಲೆಯೆತ್ತಲೇ ಆಗಲಿಲ್ಲ. ನೆಲದ ಚಪ್ಪಡಿಗಳ ಮೇಲೆ ಮಲಗಿದವರ ಆಕೃತಿ ಕೆತ್ತಿದ್ದರು. ಜನ ತುಳಿದು ತುಳಿದು ಮೂಗು, ಬಾಯಿ ಸವೆದುಹೋಗಿದ್ದವು. ನಮ್ಮ ಜಮೀನಿನಲ್ಲಿ ಹೆಂಡತಿಯ ಮೇಲಿನ ಮಣ್ಣನ್ನು ದನ ತುಳಿಯದಿರಲೆಂದು ಮುಳ್ಳು ಹಾಕಿ ಬಂದಿದ್ದೆ. ಸಂದುಗಳಲ್ಲೇ ಕಾಲಿಡುತ್ತ ಗೋಡೆ ಬದಿಯ ಬೆಂಚು ಸೇರಿ, ಕೂತು, ಆಮೇಲೆ ಮೇಲೆ ನೋಡಿದೆ.

ಚಾವಣಿ ಚಿತ್ರದಲ್ಲಿದ್ದಂತೆಯೇ ಇತ್ತು. ಅದರ ಕೆಳಗಿನ ಕಿಟಕಿಯ ಮೂಲೆಯಲ್ಲಿ ಬಿಸಿಲಿಗೆ ಏನೋ ತೂಗಾಡಿತು. ಬಲೆ. ಧೂಳು ಕೂತು ಹಳೆಯ ಬಟ್ಟೆಯಂತಾದ ಬಲೆ. ಯಾರೂ ತೆಗೆಯುವುದಿಲ್ಲ.

ಹೇಳಲೆಂದು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರದೋ ಬ್ಯಾಗಿತ್ತು.

ಮತ್ತೆ ಅಕ್ಕನಿಗೇ ಫೋನ್ ಮಾಡಿದೆ. ಹೆಂಡತಿಯ ಆ ಪ್ರಶ್ನೆ ಅಕ್ಕನ ಕಿವಿಗೂ ಬಿದ್ದಿತ್ತು.

"ಬಲೆ ಅದೆ ಕಣಕ್ಕ. ಯಾರೂ ತೆಗೆದಿಲ್ಲ."

"ಅವ್ಳಿದ್ದಿದ್ರೆ ಇಷ್ಟೊತ್ಗೆ ಗಳ ಕೇಳಿರೋಳು" ಎಂದಳು ಅಕ್ಕ. ಕಾವಲಿನವನು ಬಂದು ಫೋನ್ ಇಡುವಂತೆ ಕೈಸನ್ನೆ ಮಾಡುವ ತನಕ ಇಬ್ಬರೂ ಹಾಗೇ ಹಿಡಿದುಕೊಂಡಿದ್ದೆವು.