ಐವತ್ತನಾಲ್ಕನೆಯ ಹೆಸರು

ನಾಗವೇಣಿ, ನಿನ್ನ ಕಾದಂಬರಿಯಿಂದ ನಲವತ್ತಮೂರು ಜನರನ್ನು ಹೊರಗೆ ಹಾಕಿಸಿದವರು ಪ್ರಕಾಶಕರಲ್ಲ. ನಾನು. ಅವರು ಆ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ. ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ, ತಡಮಾಡಿದರೆ ಧೈರ್ಯ ಸಾಲದು — ಹಾಗೆ ಹಾಕಿಸುವಾಗ ನಾನು ನಿನ್ನ ಕಾದಂಬರಿಯನ್ನು ಪೂರ್ತಿ ಓದಿರಲಿಲ್ಲ.

ಮುನ್ನೂರು ಪುಟಗಳಲ್ಲಿ ತೊಂಬತ್ತು ಓದಿದ್ದೆ. ಉಳಿದದ್ದರ ಮೇಲೆ ಕಣ್ಣಾಡಿಸಿದ್ದೆ, ಅದೂ ಅಲ್ಲಲ್ಲಿ. ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನು. ಪಾಠ ಪೂರ್ತಿ ಓದದೆ ಬಾಯಿ ತೆಗೆಯಬೇಡಿ ಎಂದು ಹೇಳಿ ಹೇಳಿ ನಿಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವಳು. ನಿನ್ನನ್ನೂ ಒಮ್ಮೆ ನಿಲ್ಲಿಸಿದ್ದೆ. ಯಾಕೆ ಓದಲಿಲ್ಲ ಎಂಬುದಕ್ಕೆ ಕಾರಣಗಳಿದ್ದವು. ಹೇಳಲು ಹೊರಟರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತವೆ. ಆದ್ದರಿಂದ ಹೇಳುವುದಿಲ್ಲ.

ಹದಿಮೂರು ವರ್ಷಗಳ ಹಿಂದೆ ನೀನು ಮುಟ್ಟಳ್ಳಿಯಿಂದ ಬಸ್ಸು ಹತ್ತಿ ಕುಮಟೆಯ ನನ್ನ ಮನೆಗೆ ಬಂದದ್ದು ನೆನಪಿದೆ. ಒಂದು ಕೈಯಲ್ಲಿ ಹರಿವೆ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಉದ್ದನೆಯ ನೋಟ್‌ಬುಕ್ ಪಟ್ಟಿಗಳು, ತುಂಬ ನಿನ್ನ ಕೈಬರಹ. ಬೇರೆ ಪ್ರತಿ ಇಲ್ಲ ಎಂದೆ ನೀನು. ಗದ್ದೆ ಕೆಲಸ, ತರಕಾರಿ ಮಾರಾಟ, ಮಕ್ಕಳು — ಇಷ್ಟರ ನಡುವೆ ನಾಲ್ಕು ಪಟ್ಟಿ ತುಂಬ ಬರೆದಿದ್ದೀಯಲ್ಲ ಎಂದು ನಾನು ಹೆಮ್ಮೆಪಟ್ಟೆ. ಹೆಮ್ಮೆ ಪಡುವುದಕ್ಕೆ ಓದಬೇಕಾಗಿರಲಿಲ್ಲ.

"ಒಂದು ಮದ್ವೆ ಮನಿ ಕತೆ ಅಕ್ಕೋರೇ. ಅಮ್ಮಂಗೆ ಓದಿ ಹೇಳ್ಬೇಕು ಅಂತ್ಲೇ ಬರ್ದದ್ದು" ಎಂದೆ ನೀನು. ಮಗಳ ಆಸೆ, ಇರಲಿ ಎಂದುಕೊಂಡೆ. ಅಮ್ಮನಿಗೇ ಯಾಕೆ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಪಟ್ಟಿಯಲ್ಲೇ ಇದೆಯಲ್ಲ, ಅಕ್ಕೋರು ಓದುತ್ತಾರಲ್ಲ — ನೀನು ಹಾಗೆ ನಂಬಿದ್ದೆ ಎಂದು ಈಗ ತಿಳಿಯುತ್ತದೆ.

ಹೊನ್ನಾವರದ ಪ್ರಕಾಶಕರು ನನ್ನ ಪರಿಚಯದವರು. "ನೀವು ನೋಡಿ ಸರಿ ಅಂದ್ರೆ ಅಚ್ಚಿಗೆ ಹಾಕುವ" ಎಂದಷ್ಟೇ ಹೇಳಿ ಎಲ್ಲವನ್ನೂ ನನಗೆ ಬಿಟ್ಟಿದ್ದರು. ನಾನು ಪೆನ್ಸಿಲ್ ಹಿಡಿದು ಕೂತೆ. ನಿನ್ನ ಕತೆಯಲ್ಲಿ ಅಂಗಳಕ್ಕೆ ಕಾಲಿಟ್ಟವರಿಗೆಲ್ಲ ನೀರು ಬೆಲ್ಲ, ಒಂದು ಹೆಸರು, ಅರ್ಧ ಪುಟ. ಯಾರ ಅತ್ತೆ ಯಾರು, ಯಾರ ಭಾವ ಯಾರು ಎಂದು ಬರೆದಿಟ್ಟುಕೊಳ್ಳುತ್ತಾ ಹೋದೆ. ತೊಂಬತ್ತನೆಯ ಪುಟಕ್ಕೆ ಬರುವಾಗ ಮೂವತ್ತೊಂದು ಹೆಸರಾಗಿತ್ತು. ತಲೆ ಚಿಟ್ಟು ಹಿಡಿಯಿತು. ಪಟ್ಟಿ ಮುಚ್ಚಿಟ್ಟೆ.

ನಿಮ್ಮ ಕೇರಿಯ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದಲ್ಲ. ಮದುವೆಯ ದಿನ ಹಾಡು ಹೇಳುವ ಹೆಂಗಸರು ಅಂಗಳಕ್ಕೆ ಬಂದ ಒಬ್ಬೊಬ್ಬರನ್ನೂ ಹಾಡಿನಲ್ಲಿ ಹೆಸರು ಹಿಡಿದು ಕರೆಯಬೇಕು. ಒಂದು ಹೆಸರು ಬಿಟ್ಟರೂ ಆ ಮನೆಯವರು ಊಟದ ಎಲೆಯ ಮುಂದೆ ಕೂರುವುದಿಲ್ಲ. ನಿನ್ನ ಅಣ್ಣನ ಮದುವೆಗೆ ಬಂದಿದ್ದಾಗ ನಿನ್ನ ಅಮ್ಮ ನನ್ನ ಹೆಸರನ್ನೂ ಸೇರಿಸಿ ಹಾಡಿದ್ದರು, ನಾನು ನಾಚಿ ನಕ್ಕಿದ್ದೆ. ಆದರೆ ಅದು ಮದುವೆಗೆ ಚೆಂದ, ಕಾದಂಬರಿಗೆ ಹೊರೆ ಎಂದು ತೀರ್ಮಾನಿಸಿದೆ. ಓದದವರಿಗೆ ತೀರ್ಮಾನ ಬಹಳ ಬೇಗ ಸಿಗುತ್ತದೆ.

ಆಮೇಲೆ ನಾಲ್ಕನೆಯ ಪಟ್ಟಿಯ ಕೊನೆ ತೆರೆದು ನೋಡಿದೆ. ಅಲ್ಲೊಂದು ಹೊಸ ಹೆಸರು — ಮಾದೇವಿ. ಕತೆ ಮುಗಿಯುವ ಹೊತ್ತಿಗೆ ಹೊಸ ಪಾತ್ರವೇ? ಎಂಟನೆಯ ತರಗತಿಯವರೂ ಮಾಡದ ತಪ್ಪು ಎಂದುಕೊಂಡು ಆ ಅಧ್ಯಾಯದ ಮೇಲೆ "ಬೇಡ" ಎಂದು ಬರೆದೆ.

ನೀನು ಬಂದು ಜಗಲಿಯಲ್ಲಿ ಕೂತೆ. ನಾನು ಹೇಳಿದೆ: "ಪ್ರಕಾಶಕರು ಹೇಳ್ತಾರೆ, ಇಷ್ಟು ಜನ ಓದುವವರ ತಲೆಯಲ್ಲಿ ನಿಲ್ಲೂದಿಲ್ಲ. ಹನ್ನೊಂದು ಜನ ಸಾಕು." ಅವರ ಹೆಸರನ್ನು ಯಾಕೆ ಮುಂದೆ ಮಾಡಿದೆ — ನನ್ನ ತಲೆಯಲ್ಲೇ ನಿಲ್ಲಲಿಲ್ಲ ಎಂದಿದ್ದರೆ, ಎಲ್ಲಿ ಅಕ್ಕೋರೇ, ಯಾವ ಪುಟ, ಎಂದು ನೀನು ಕೇಳುತ್ತಿದ್ದೆ. ಆಗ ನನ್ನ ಬಣ್ಣ ಬಯಲಾಗುತ್ತಿತ್ತು.

ನೀನು ಸೆರಗಿನ ಅಂಚು ನೋಡುತ್ತಾ, "ಇವ್ರನ್ನೆಲ್ಲ ಎಲ್ಲಿಗೆ ಕಳ್ಸೂದು ಅಕ್ಕೋರೇ? ಕರೆದ್ದಕ್ಕೇ ಬಂದವ್ರಲ್ವಾ" ಎಂದೆ. ನಾನು ನಕ್ಕೆ. ಮತ್ತೆ ನೀನು ಮೆಲ್ಲಗೆ, "ಕೊನೇ ಅಧ್ಯಾಯನೂ ಬೇಡ್ವಾ?" ಎಂದು ಕೇಳಿದೆ.

"ಮೊದಲು ತೆಗೀಬೇಕಾದ್ದೇ ಅದು."

"ಆತು ಅಕ್ಕೋರೇ."

ಎಷ್ಟು ಸುಲಭವಾಗಿ ಒಪ್ಪಿದಳು ಎಂದು ಆಗ ಅನಿಸಿತ್ತು. ಸುಲಭವಾಗಿರಲಿಲ್ಲ, ನೀನು ನನ್ನ ಮಾತು ಮೀರುವವಳಲ್ಲ, ಅಷ್ಟೇ.

ಪಟ್ಟಿಗಳನ್ನು ಕೇಳದೆ, ಹನ್ನೊಂದು ಜನರನ್ನಷ್ಟೇ ಇಟ್ಟು ನೀನು ನೆನಪಿನಿಂದಲೇ ಹೊಸದಾಗಿ ಬರೆದುಕೊಟ್ಟೆ. ಪುಸ್ತಕ ಬಂತು. ನಾಲ್ಕು ಜನ ಮೆಚ್ಚಿದರು, ಬಿಗಿಯಾಗಿದೆ ಎಂದರು. ನೀನು ಅಮ್ಮನಿಗೆ ಓದಿ ಹೇಳಿ, ಆಮೇಲೆ ನನ್ನಲ್ಲಿ ಬಂದು ನಗುತ್ತಾ ಹೇಳಿದ್ದೆ: "ಅಮ್ಮ ಕೇಳ್ತಾಳೆ ಅಕ್ಕೋರೇ, ಎಂತ ಮದ್ವೆ ಮನಿಯೇ ಇದು, ಜನನೇ ಇಲ್ಲ ಅಂತ." ನಾನೂ ನಕ್ಕೆ. ನೀನು ನಿಜವಾಗಿ ನಗುತ್ತಿದ್ದೆಯೋ ಇಲ್ಲವೋ ನೋಡಲಿಲ್ಲ. ಅದೇ ದಿನ ನೀನು ಪಟ್ಟಿಗಳನ್ನು ವಾಪಸು ಕೇಳಿದೆ. ಪ್ರಕಾಶಕರ ಬಳಿಯೇ ಉಳಿದಿವೆ, ಹುಡುಕಿಸುತ್ತೇನೆ ಎಂದೆ ನಾನು. ಅವು ನನ್ನ ಕಪಾಟಿನಲ್ಲಿದ್ದವು. ತೊಂಬತ್ತನೆಯ ಪುಟದವರೆಗೆ ಅಂಚಿನ ತುಂಬ ನನ್ನ ಪೆನ್ಸಿಲ್ ಗುರುತು, ಆಮೇಲೆ ಇನ್ನೂರು ಪುಟಗಳ ಅಂಚು ಖಾಲಿ, ಕೊನೆಗೆ ಆ ಒಂದು "ಬೇಡ" — ಅದನ್ನು ನಿನ್ನ ಕೈಗೆ ಹೇಗೆ ಕೊಡಲಿ? ಅಳಿಸಿ ಕೊಡಬಹುದು ಎಂದೂ ಯೋಚಿಸಿದ್ದೆ. ಇದನ್ನೂ ಹೇಳಬೇಕು.

ಕಳೆದ ತಿಂಗಳು ಕುಮಟೆಯಲ್ಲಿ ನಿನ್ನನ್ನು ಕರೆಸಿ ಮಾತಾಡಿಸಿದರಲ್ಲ, ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಎದ್ದು, ಒಂದು ಕಾದಂಬರಿಯಲ್ಲಿ ಪಾತ್ರಗಳು ಅತಿಯಾಗುವುದುಂಟೇ ಎಂದು ಕೇಳಿದಳು. ನೀನು ಒಂದು ಕ್ಷಣವೂ ತಡೆಯಲಿಲ್ಲ. "ಉಂಟು. ನಾನು ಊರನ್ನೇ ತುಂಬಿಸಿದ್ದೆ. ನಮ್ಮ ಅಕ್ಕೋರು ಒಂದೊಂದು ಅಕ್ಷರ ಓದಿ ತಿದ್ದಿದ್ರು, ಅದ್ಕೇ ಅದು ಪುಸ್ತಕ ಆತು" ಎಂದು ನನ್ನ ಕಡೆ ಕೈ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ, ನಾಗವೇಣಿ. ಮುಗಿದೆ.

ಚಹಾ ಕುಡಿಯುವಾಗ ನೀನು ನಿನ್ನ ಅಕ್ಕನ ಸುದ್ದಿ ಎತ್ತಿದೆ. ನಿನಗೊಬ್ಬ ಅಕ್ಕ ಇದ್ದಾಳೆಂದು ನನಗೆ ತಿಳಿದದ್ದೇ ಆಗ. ತಾನೇ ಮೆಚ್ಚಿ ಕಡಲ ದಂಡೆಯ ಬಾಡ ಊರಿನ ಬೋಟಿನವನನ್ನು ಮದುವೆಯಾದದ್ದಕ್ಕೆ, ಅವಳ ಹೆಸರನ್ನೇ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಅಮ್ಮ ಹೇಳಿದ್ದರಂತೆ. ಪುಸ್ತಕ ಬಂದಾಗ ನೀನು ಅಕ್ಕನಿಗೊಂದು ಪ್ರತಿ ಕಳಿಸಿದ್ದೆ. ಅವಳು ಹಿಂದಕ್ಕೆ ಕಳಿಸಿದಳು. "ಕೇರಿಯವ್ರು ಇದ್ದಾರೆ, ನೀನೂ ನನ್ನ ಬಿಟ್ಯಲ್ಲೇ ಅಂತ ಹೇಳಿ ಕಳ್ಸಿದ್ಲು. ನಾನು ಬರ್ದಿದ್ದೆ ಅಂದ್ರೆ, ಎಲ್ಲಿ ತೋರ್ಸು ಅಂತಾಳೆ. ಎಂತ ತೋರ್ಸೂದು? ಮಾದೇವಿ ಅಂದ್ರೆ ಹಟಮಾರಿ ಅಕ್ಕೋರೇ" ಎಂದೆ.

ಮಾದೇವಿ. ಚಹಾದ ಲೋಟ ಕೆಳಗಿಟ್ಟು ಮನೆಗೆ ಬಂದೆ.

ಮರುದಿನ ಕಪಾಟಿನಿಂದ ಪಟ್ಟಿಗಳನ್ನು ತೆಗೆದು ಮೊದಲ ಪುಟದಿಂದ ಓದಿದೆ. ನಾಲ್ಕು ದಿನ ಬೇಕಾಯಿತು. ಹೆಸರು ಬರೆದಿಟ್ಟುಕೊಳ್ಳುವುದನ್ನು ಬಿಟ್ಟು ಸುಮ್ಮನೆ ಅಂಗಳದಲ್ಲಿ ಕೂತವಳ ಹಾಗೆ ಓದಿದೆ. ಯಾರ ಭಾವ ಯಾರು ಎಂಬುದು ತಾನಾಗಿ ತಿಳಿಯುತ್ತಾ ಹೋಯಿತು. ಹಾಡು ಹೇಳುವ ತಾಯಿ ಐವತ್ತಮೂರು ಜನರನ್ನು ಕರೆಯುತ್ತಾಳೆ. ಎಲ್ಲರೂ ಕೂತರು, ಹಾಡು ನಿಂತಿತು — ಇನ್ನೂ ಯಾರೋ ಬರಬೇಕಲ್ಲ ಎಂದು ಓದುತ್ತಿದ್ದ ನನಗೇ ತಳಮಳ. ಒಬ್ಬಳಿಲ್ಲ ಎಂಬುದು ಹೀಗೆ ತಾಗಬೇಕಾದರೆ ಅಂಗಳ ಅಷ್ಟು ತುಂಬಿರಲೇಬೇಕಿತ್ತು. ಕೊನೆಯ ಅಧ್ಯಾಯದಲ್ಲಿ, ಬೇಲಿಯ ಆಚೆ ನಿಂತ ಹಿರಿಮಗಳನ್ನು ನೋಡಿ ತಾಯಿ ಮತ್ತೆ ಹಾಡು ಎತ್ತುತ್ತಾಳೆ. ಐವತ್ತನಾಲ್ಕನೆಯ ಹೆಸರು ಹೇಳುತ್ತಾಳೆ. ಅದರ ಮೇಲೆ ನನ್ನ ಕೈಬರಹ — ಬೇಡ.

ಆ ಒಂದು ಹೆಸರನ್ನು ಅಮ್ಮನ ಕಿವಿಗೆ ಹಾಕಲು ನೀನು ಮುನ್ನೂರು ಪುಟ ಬರೆದಿದ್ದೆ. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು.

ನಿನ್ನೆ ಬಾಡಕ್ಕೆ ಹೋಗಿದ್ದೆ. ನಿನ್ನನ್ನು ಕೇಳದೆ ಹೋದೆ, ಅದೂ ತಪ್ಪೇ ಇರಬಹುದು. ಮಾದೇವಿ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ನಾನು ಯಾರೆಂದು ಹೇಳಿ ಪಟ್ಟಿಯ ಕೊನೆಯ ಅಧ್ಯಾಯ ತೆಗೆದುಕೊಟ್ಟೆ. ಕೈ ತೊಳೆದು, ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತು ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬಹಳ ಹೊತ್ತು ಹಿಡಿಯಿತು. ಮುಗಿಸಿ, ಅಕ್ಷರ ತಂಗಿಯದೇ ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ಇದನ್ನ ಅಮ್ಮಂಗೆ ಓದಿ ಹೇಳಿದ್ಲಾ ಅಕ್ಕೋರೇ?"

ಇಲ್ಲ ಎಂದೆ. ಯಾಕೆ ಇಲ್ಲ ಎಂಬುದನ್ನೂ ಹೇಳಿದೆ.