ಹಲಗೆ ಊರೊಳಗೆ ಬರಲಿಲ್ಲ

ಮಾಣಿಕಪ್ಪ ಅವತ್ತು ಬಂದಿದ್ದ. ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ — ಹೊಡೆದಿದ್ದೆ.

ಯಾಲಾಲ್ ಕಡೆಯ ನಮ್ಮೂರಲ್ಲಿ ನೆರೆಯ ಸುದ್ದಿ ಫೋನಿನಲ್ಲಿ ಬಂದರೆ ಯಾರೂ ಏಳುವುದಿಲ್ಲ. ಪಂಚಾಯ್ತಿಯ ಡಂಗುರ ಸಾರುವ ಮಾಣಿಕಪ್ಪ ಹಲಗೆ ಬಡಿದರೆ ಏಳುತ್ತಾರೆ. ಅವತ್ತಿಗೂ ಹಿಂದಿನ ವರ್ಷದ ಮಳೆಗಾಲದಲ್ಲಿ ಹಾಗೇ ಎದ್ದು ಊರು ಬಿಟ್ಟಿದ್ದೆವು. ನೀರು ಬರಲಿಲ್ಲ. ತಿರುಗಿ ಬಂದು ನೋಡಿದರೆ ನನ್ನ ತೊಗರಿ ಹೊಲದ ನಡುವೆ ಸರ್ವೆ ಕಲ್ಲು! ಕಾಲುವೆ ತೋಡಲಿಕ್ಕಂತೆ. ಸರ್ಕಾರದವರು ನಮ್ಮನ್ನು ಓಡಿಸಿ ನೆಟ್ಟಿದ್ದರು.

ಆ ಸಿಟ್ಟು ಹೊಟ್ಟೆಯಲ್ಲಿತ್ತು. ಈ ಸಲ ಅವನು ಹಳ್ಳದ ಸೇತುವೆ ದಾಟುವಾಗಲೇ ಅಡ್ಡ ನಿಂತೆ.

"ಅಣ್ಣಾ, ದಾರಿ ಬಿಡ್ರಿ. ಮ್ಯಾಲಿನ ಕೆರಿ ಕಟ್ಟಿ ಬಿರುಕು ಬಿಟ್ಟದ. ಕಣ್ಣಾರೆ ನೋಡಿ ಬಂದೀನ್ರಿ."

"ಈ ಸಲ ಯಾರ ಹೊಲದಾಗ ಕಲ್ಲು ನೆಡಾಕ ಕಳಿಸ್ಯಾರಲೇ?"

ಅವನ ಕೈಯ ಕೋಲು ಕಸಿದು ಅವನ ಕಿವಿಯ ಮೇಲೇ ಬಾರಿಸಿದೆ. ರಕ್ತ ಬಂತು. ಮತ್ತೆ ಬಾರಿಸಿದೆ. ಹಲಗೆಯ ಚರ್ಮ ಹರಿಯುವಂತೆ ತುಳಿದು ಹಳ್ಳಕ್ಕೆ ಎಸೆದೆ. ಅವನು ಕಿವಿ ಹಿಡಿದುಕೊಂಡು ಬಂದ ದಾರಿಗೇ ಹೋದ. ಊರೊಳಗೆ ಹಲಗೆ ಕೇಳಲೇ ಇಲ್ಲ.

ಸಂಜೆಗೆ ಕಟ್ಟೆ ಒಡೆಯಿತು. ಹಳ್ಳದ ದಂಡೆಯ ಶಾಂತಮ್ಮ ಕುಸಿದ ಗೋಡೆಯಡಿ ಸಿಕ್ಕಿದಳು — ಹೆಣವಾಗಿ.

ನಾನು ಫೋನ್ ಹಿಡಿದು ವಿಡಿಯೋ ಹಾಕಿ, ಅದನ್ನು ನೋಡುವ ನಿಮಗೆಲ್ಲ ಹೇಳಿದೆ: ಒಬ್ಬನೂ ಬಂದು ಹೇಳಲಿಲ್ಲ, ಸರ್ಕಾರ ನಮ್ಮನ್ನು ಮುಳುಗಿಸಿತು. ನೀವು ನಂಬಿದಿರಿ. ಯಾಕೆ ನಂಬಬಾರದು? ಸರ್ಕಾರದ ಮೇಲೆ ಏನು ಹೇಳಿದರೂ ನಿಜ ಅನ್ನಿಸುವ ಹಾಗಿತ್ತು. ಆ ಅಪನಂಬಿಕೆಯ ಹಿಂದೆ ಅಡಗಿ ಕೂತೆ.

ಮರುದಿನ ಶಾಂತಮ್ಮನ ಮಕ್ಕಳು ಪಂಚಾಯ್ತಿ ಮುಂದೆ ಮಾಣಿಕಪ್ಪನನ್ನು ಕೆಡವಿಕೊಂಡರು.

"ಸರ್ಕಾರದ ಚಮಚಾ! ನಮ್ಮವ್ವ ಸಾಯೂ ಹೊತ್ತಿನ್ಯಾಗ ಎಲ್ಲಿ ಬಿದ್ದಿದ್ದಿ?"

ಒದ್ದರು. ಹಲ್ಲು ಮುರಿದರು. ನಾನು ವಿಡಿಯೋ ಮಾಡುತ್ತಿದ್ದೆ. ಅವನು ರಕ್ತದ ಬಾಯಿಂದ ನನ್ನ ಕಡೆ ಕೈ ತೋರಿಸಿದ.

"ಬಂದಿದ್ನಿರಿ... ಅಣ್ಣಾರಿಗೆ ಕೇಳ್ರಿ."

ಎಲ್ಲರೂ ನನ್ನತ್ತ ತಿರುಗಿದರು.

"ನಾ ನೋಡಿಲ್ಲ," ಅಂದೆ.

ಮತ್ತೆ ಒದ್ದರು.

ಅವನ ಆ ಕಿವಿ ಈಗ ಕೇಳಿಸುವುದಿಲ್ಲ. ಹೇಳದೆ ಕೊಂದವನು ಎಂಬ ಹೆಸರು ಮಾತ್ರ ಇನ್ನೂ ಕೇಳಿಸುತ್ತಲೇ ಇದೆ. ಕಲ್ಲು ನೆಟ್ಟದ್ದು ಅನ್ಯಾಯವೇ — ಆದರೆ ಆ ಕೋಲು ಹಿಡಿದದ್ದು ನನ್ನ ಕೈ...

ಹಲಗೆಯೊಂದನ್ನು ತಂದಿಟ್ಟುಕೊಂಡಿದ್ದೇನೆ. ನನಗೆ ಸರಿಯಾಗಿ ಬಡಿಯಲು ಬಾರದು. ನಾಳೆ ಹೆಗಲಿಗೆ ಹಾಕಿಕೊಂಡು ಓಣಿ ಓಣಿಗೆ ಹೋಗಿ, ಅವನು ಬಂದಿದ್ದ ಎಂದು ಸಾರುತ್ತೇನೆ. ಮೊದಲು ಶಾಂತಮ್ಮನ ಮಕ್ಕಳ ಬಾಗಿಲಿಗೆ. ಫೋನ್ ಮನೆಯಲ್ಲೇ ಬಿಟ್ಟು.